ಪರದೆ ಆರಿತ್ತು, ಕೆಲಸ ನಡೆಯುತ್ತಿತ್ತು

ಮಾನ್ಯ ಕಟ್ಟಡ ಪರಿಶೀಲನಾಧಿಕಾರಿಗಳೇ,

ನೀವು ಬೀಗ ಜಡಿದು ಅರಗಿನ ಮುದ್ರೆ ಒತ್ತಿರುವ ಕೋಣೆಯೊಳಗೆ ನನ್ನ ತಂಗಿಯ ಉದ್ಯೋಗ ಸಿಕ್ಕಿಹಾಕಿಕೊಂಡಿದೆ. ಅದನ್ನು ಬಿಡಿಸಿಕೊಡಿ ಎಂದು ನಿಮ್ಮ ಕಚೇರಿಗೆ ಬಂದು ಕೇಳಿದೆ; ಆಗಲಿಲ್ಲ. ಅರ್ಜಿ ಬರೆದು ಕೇಳಿದೆ, ಉತ್ತರವಿಲ್ಲ. ಇನ್ನು ನಾಲ್ಕು ಜನರ ಎದುರಿಗೆ ಕೇಳುವುದೊಂದೇ ಉಳಿದಿತ್ತು. ಕೇಳುತ್ತಿದ್ದೇನೆ.

ವಾಚನಾಲಯದ ಹಿಂಬದಿಯಲ್ಲಿರುವ ನಮ್ಮ ಬಡಾವಣೆಯ ಕಂಪ್ಯೂಟರ್ ಕೇಂದ್ರದ ಬಾಗಿಲಿಗೆ ನೀವು ಅಂಟಿಸಿ ಹೋದ ವರದಿಯನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕೊಡುತ್ತೇನೆ: "ಸದರಿ ಕೇಂದ್ರಕ್ಕೆ ಖುದ್ದು ಭೇಟಿ ನೀಡಿ ಪರಿಶೀಲಿಸಲಾಗಿ, ಯಂತ್ರಗಳ ಪರದೆಗಳೆಲ್ಲ ಆರಿದ್ದು, ಯಂತ್ರಗಳು ಸ್ಥಗಿತಗೊಂಡಿರುವುದು ಕಂಡುಬಂದಿದೆ. ಹಾಜರಿದ್ದವರು ಕಿವಿಗೆ ಸಾಧನ ಹಾಕಿಕೊಂಡು ಸಂಗೀತ ಆಲಿಸುತ್ತ ಕಾಲಹರಣ ಮಾಡುತ್ತಿದ್ದರು. ಒಂದು ಯಂತ್ರದ ಗುಂಡಿಯನ್ನು ಒತ್ತಿ ಪರೀಕ್ಷಿಸಿದಾಗಲೂ ಅದು ಚಾಲನೆಗೊಳ್ಳಲಿಲ್ಲ. ಆದ್ದರಿಂದ ಕೊಠಡಿಯನ್ನು ನಿರುಪಯುಕ್ತವೆಂದು ಪರಿಗಣಿಸಿ ಇಲಾಖೆಯ ಇತರ ಉದ್ದೇಶಗಳಿಗೆ ಬಳಸಿಕೊಳ್ಳಬಹುದು."

ಭಾಷೆ ಅಚ್ಚುಕಟ್ಟಾಗಿದೆ. ಪತ್ರಿಕೆಯೊಂದರಲ್ಲಿ ಪುಟ ಜೋಡಿಸುವ ಕೆಲಸ ಮಾಡುವವನು ನಾನು. ದಿನವೂ ಎಷ್ಟೋ ಜನರ ಬರಹ ನನ್ನ ಕೈ ದಾಟಿ ಹೋಗುತ್ತದೆ. ಇಷ್ಟು ಕಡಿಮೆ ಸಾಲುಗಳಲ್ಲಿ ಇಷ್ಟು ತಪ್ಪುಗಳನ್ನು ಇಷ್ಟು ಒಪ್ಪವಾಗಿ ಜೋಡಿಸಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಪರದೆಗಳು ಆರಿದ್ದವು, ನಿಜ. ಅವುಗಳ ಮುಂದೆ ಕುಳಿತವರಿಗೆ ಕಣ್ಣು ಕಾಣುವುದಿಲ್ಲ, ಮಾನ್ಯರೇ. ಕಣ್ಣು ಕಾಣದವರಿಗೆ ಪರದೆ ಬೆಳಗಿದ್ದರೇನು, ಆರಿದ್ದರೇನು? ಕಿವಿಯಲ್ಲಿ ಇದ್ದದ್ದು ಸಂಗೀತವಲ್ಲ, ಪರದೆಯ ಮೇಲೆ ಇರಬೇಕಾದ ಅಕ್ಷರಗಳನ್ನು ಗಟ್ಟಿಯಾಗಿ ಓದುವ ತಂತ್ರಾಂಶದ ದನಿ. ಯಂತ್ರ ನಿಂತಿರಲಿಲ್ಲ. ಅದನ್ನು ನಿಲ್ಲಿಸಿದ್ದು ನೀವು. ಇದನ್ನು ಇಷ್ಟಕ್ಕೇ ಬಿಟ್ಟರೆ ತಿಳಿಯದೆ ಆದ ತಪ್ಪು ಎಂದು ನೀವು ಜಾರಿಕೊಳ್ಳುವಿರಿ. ಹಾಗಾಗಿ ಮೊದಲಿನಿಂದ ಹೇಳಬೇಕು.

ನಮ್ಮ ಪತ್ರಿಕೆಯಲ್ಲಿ ಹೊಸ ಕಂಪ್ಯೂಟರ್ ಬಂದಾಗ ಹಳೆಯವು ಗುಜರಿಗೆ ಹೊರಟಿದ್ದವು. ಸಂಪಾದಕರನ್ನು ಕೇಳಿ ಅವನ್ನು ಬಡಾವಣೆಗೆ ತಂದೆ. ವಾಚನಾಲಯದ ಹಿಂದೆ ಸೈಕಲ್ ನಿಲ್ಲಿಸುತ್ತಿದ್ದ ಕೋಣೆಯೊಂದಿತ್ತು. ಗೋಡೆಯಲ್ಲಿ ಇನ್ನೂ ಹ್ಯಾಂಡಲ್ ಉಜ್ಜಿದ ಗೀರುಗಳಿವೆ. ಬಡಾವಣೆಯ ಮಕ್ಕಳೆಲ್ಲ 'ಬಲ್ಬ್ ಮಾಮ' ಎಂದು ಕರೆಯುವ ವಿದ್ಯುತ್ ಕೆಲಸಗಾರ ತಂತಿ ಎಳೆದುಕೊಟ್ಟ. ಹಳೆಯ ಬಾಗಿಲುಗಳ ಹಲಗೆಯೇ ಮೇಜಾಯಿತು. ತಂತ್ರಾಂಶ ಮಾತ್ರ ದೊಡ್ಡ ತಲೆನೋವಾಗಿತ್ತು. ಅಂಗಡಿಯಲ್ಲಿ ಮಾರುವುದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ, ಕದ್ದು ಹಾಕಿಕೊಳ್ಳುವ ಮನಸ್ಸೂ ಇರಲಿಲ್ಲ. ಹಾಗಾಗಿ ಮುಕ್ತ ತಂತ್ರಾಂಶ ಹಾಕಿದೆವು. ಅದನ್ನು ಯಾರು ಬೇಕಾದರೂ ಬಳಸಬಹುದು, ಪಕ್ಕದವರಿಗೆ ಕೊಡಬಹುದು. ಅದರ ಒಳಗನ್ನು ಬಿಚ್ಚಿ ನೋಡಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ತಿದ್ದಿದ್ದನ್ನು ಮತ್ತೊಬ್ಬರಿಗೂ ಹಂಚಬಹುದು. ಅದನ್ನು ಬರೆದವರು ಲೋಕದ ಯಾವ್ಯಾವುದೋ ಮೂಲೆಯಲ್ಲಿದ್ದಾರೆ. ಅವರ ಮುಖ ನಾವು ಕಂಡಿಲ್ಲ, ಅವರೂ ನಮ್ಮ ಅನುಮತಿ ಪತ್ರ ಕೇಳಿಲ್ಲ.

ಕಣ್ಣು ಕಾಣದವರಿಗಾಗಿ ನಾವು ಆ ಕೇಂದ್ರ ತೆರೆದದ್ದಲ್ಲ. ಅಷ್ಟು ಯೋಚನೆ ನಮಗಿರಲಿಲ್ಲ. ಒಂದು ಬೆಳಿಗ್ಗೆ ಎಕ್ಸ್‌ಚೇಂಜ್ ಅಜ್ಜ ಕೋಲು ಬಡಿಯುತ್ತ ಒಳಗೆ ಬಂದರು. ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟಿನಿಂದಲೇ ದೃಷ್ಟಿಯಿಲ್ಲ.

"ಇದೇನಪ್ಪ ಗುಂಯ್ ಅಂತಿದೆ?" ಎಂದರು.

"ಕಂಪ್ಯೂಟರ್, ಅಜ್ಜ."

"ಮಾತಾಡುತ್ತಾ?"

"ಇಲ್ಲ."

"ಮಾತಾಡಲ್ಲ, ಬರೀ ಗುಂಯ್ ಅನ್ನುತ್ತೆ. ನಮ್ಮ ಹಳೇ ಮೇಲಧಿಕಾರಿ ಥರ," ಎಂದು ಹೊರಟುಬಿಟ್ಟರು.

ಅವತ್ತು ಹುಡುಕಿದಾಗ ತಿಳಿಯಿತು: ನಾವು ಹಾಕಿದ್ದ ತಂತ್ರಾಂಶದ ಜೊತೆಯಲ್ಲೇ ಓದಿ ಹೇಳುವ ದನಿಯೂ ಬಂದಿತ್ತು. ಆನ್ ಮಾಡಿರಲಿಲ್ಲ, ಅಷ್ಟೇ. ಮಾಡಿದೆವು. ಅಜ್ಜ ವಾಪಸ್ ಬಂದರು, ಮತ್ತೆ ಎದ್ದು ಹೋಗಲೇ ಇಲ್ಲ. ಸ್ವಲ್ಪ ದಿನಕ್ಕೆ ದನಿಯ ವೇಗ ಸಾಲದು ಎಂದು ತಕರಾರು ತೆಗೆದರು. ಹೆಚ್ಚಿಸುತ್ತ ಹೆಚ್ಚಿಸುತ್ತ ಈಗ ಅವರ ಯಂತ್ರ ಓದುವುದನ್ನು ನಾನು ಕೇಳಿದರೆ ಡಬ್ಬಿಯಲ್ಲಿ ಕಾಳು ಕುಲುಕಿದಂತೆ ಇರುತ್ತದೆ. ಅವರಿಗೆ ಒಂದೊಂದು ಪದವೂ ಸ್ಪಷ್ಟ. "ನೀವು ಕಣ್ಣಾಡಿಸ್ತೀರಿ, ನಾನು ಕಿವಿಯಾಡಿಸ್ತೀನಿ" ಎನ್ನುತ್ತಾರೆ. ಅಜ್ಜನಿಗೆ ಜಂಬ ಸ್ವಲ್ಪ ಜಾಸ್ತಿ.

ಇನ್ನು ನನ್ನ ತಂಗಿ. ಶಾಲೆಯಲ್ಲಿ ಭಾಷೆ ಕಲಿಸುವವಳು. ಕೆಲವು ವರ್ಷಗಳಿಂದ ಅವಳ ನೋಟ ಬಾಗಿಲ ಸಂದಿಯಿಂದ ಇಣುಕಿದಷ್ಟಕ್ಕೆ ಇಳಿದಿತ್ತು; ಕೊನೆಗೆ ಆ ಬಾಗಿಲೂ ಮುಚ್ಚಿತು. ಪಾಠ ಹೇಳುವುದಕ್ಕೆ ಅವಳಿಗೆ ತೊಂದರೆಯಿಲ್ಲ. ಪದ್ಯಗಳೆಲ್ಲ ಬಾಯಲ್ಲಿವೆ, ಮಕ್ಕಳು ದನಿಯಲ್ಲೇ ಗೊತ್ತು. ಆದರೆ ಮಕ್ಕಳು ಬರೆದದ್ದನ್ನು ತಿದ್ದಬೇಕಲ್ಲ? ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಒಂದು ಮಾತು ಹೇಳಿದರು: ಶಾಲೆಯ ಹೊಸ ಅವಧಿ ಶುರುವಾಗುವ ಹೊತ್ತಿಗೆ ಒಂದು ಇಡೀ ತರಗತಿಯ ಪ್ರಬಂಧಗಳನ್ನು ಬೇರೆಯವರ ಸಹಾಯವಿಲ್ಲದೆ ತಿದ್ದಿ ತೋರಿಸಿದರೆ ಅವಳು ತನ್ನ ತರಗತಿಗೆ ಮರಳಬಹುದು. ಆಗದಿದ್ದರೆ ಉಗ್ರಾಣದ ಉಸ್ತುವಾರಿ. ಸೀಮೆಸುಣ್ಣದ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲು.

ಅವಳನ್ನು ಕೇಂದ್ರಕ್ಕೆ ಕರೆತಂದ ಮೊದಲ ದಿನ ಬಾಗಿಲಲ್ಲೇ ನಿಂತಳು. ನಾನು ಎಷ್ಟು ಹೇಳಿದರೂ ಒಳಗೆ ಬರಲೊಲ್ಲಳು. ಒಳಗಿನಿಂದ ಅಜ್ಜ ಹೇಳಿದರು: "ಬನ್ನಿ ಮೇಡಂ. ನೀವು ಹೊಸ ಕುರುಡರು. ಹೊಸ ಚಪ್ಪಲಿ ಹಾಗೇನೇ, ಸ್ವಲ್ಪ ದಿನ ಕಚ್ಚುತ್ತೆ." ನಾನು ಗಾಬರಿಯಾದೆ. ಅವಳು ನಕ್ಕಳು. ಕಣ್ಣು ಹೋದ ಮೇಲೆ ಅವಳ ನಗು ನಾನು ಕೇಳಿದ್ದು ಅವತ್ತೇ. ಅಜ್ಜನೇ ಅವಳಿಗೆ ಕಲಿಸಿದ್ದು. ನನ್ನಿಂದ ಆಗುತ್ತಿರಲಿಲ್ಲ, ಮೌಸ್ ಇಲ್ಲದೆ ನನಗೆ ಒಂದು ಕಡತವನ್ನೂ ತೆರೆಯಲು ಬಾರದು.

ಪರದೆ ಆರಿಸುವ ಪದ್ಧತಿ ಎಲ್ಲಿಂದ ಬಂತು ಎಂದೂ ಹೇಳಿಬಿಡುತ್ತೇನೆ. ನಿಮ್ಮ ವರದಿ ಅದರ ಮೇಲೆಯೇ ನಿಂತಿದೆಯಲ್ಲ. ಬೆಳಗಿನ ಹೊತ್ತು ಬರುವ ಕಣ್ಣು ಕಾಣದವರಲ್ಲಿ ಕುರ್ಚಿ ಹೆಣೆಯುವವನೊಬ್ಬನಿದ್ದಾನೆ. ಅವನ ಹೆಂಡತಿ ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ. ಅವನು ಅವಳಿಗೆ ಬರೆಯುತ್ತಿದ್ದಾಗ ಹಿಂದೆ ನಿಂತಿದ್ದ ಬಲ್ಬ್ ಮಾಮ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಗಟ್ಟಿಯಾಗಿ, "ಇಲ್ಲಿ 'ಮುದ್ದು' ಅಂತ ಎರಡು ಸಲ ಬಂದಿದೆ ಕಣಪ್ಪ, ಒಂದು ತೆಗೀಲಾ?" ಎಂದ. ಕುರ್ಚಿಯವನ ಕಿವಿ ಕೆಂಪಾಯಿತು. ಕೈ ಕೀಲಿಗಳ ಮೇಲೆ ಹಾಗೇ ನಿಂತುಹೋಯಿತು.

ಆಗ ನನ್ನ ತಂಗಿ ಎದ್ದು ನಿಂತು ಕೇಳಿದಳು: "ನಮಗೆ ಕಾಣಲ್ಲ ಅಂತ ಊರಿಗೆಲ್ಲ ಕಾಣಬೇಕಾ? ಆರಿಸಿ ಅದನ್ನ."

ಅಂದಿನಿಂದ ಬೆಳಿಗ್ಗೆ ಎಲ್ಲ ಪರದೆಗಳೂ ಆರಿರುತ್ತವೆ. ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ತಿಳಿಯದವರಿಗೆ ಇರುವ ಬಾಗಿಲು ಅದೊಂದೇ. ಕಣ್ಣಿರುವ ನಾವು ಕೇಳದೆ ಅದನ್ನು ಬೆಳಗಿಸುವಂತಿಲ್ಲ. ನಿಮ್ಮ ಕೊಠಡಿಗೆ ಬಾಗಿಲಿದೆ, ಹೊರಗೆ ಕೂರುವ ಜವಾನನಿದ್ದಾನೆ, ಒಳಗೆ ಪರದೆಯಿದೆ, ಕಿಟಕಿಗೆ ಮಬ್ಬು ಗಾಜಿದೆ. ಅವುಗಳನ್ನು ನೋಡಿ ನಿಮ್ಮ ಕಚೇರಿ ಸ್ಥಗಿತಗೊಂಡಿದೆ ಎಂದು ನಾವು ಯಾರೂ ವರದಿ ಬರೆದಿಲ್ಲ. ಬರೆಯಲು ಬೇರೆ ಕಾರಣಗಳಿದ್ದರೂ.

ಸಂಜೆಯ ಕೇಂದ್ರವೇ ಬೇರೆ. ಅದೇ ಯಂತ್ರಗಳ ಪರದೆಗಳು ಬೆಳಗುತ್ತವೆ, ಬಡಾವಣೆಯವರೆಲ್ಲ ಬರುತ್ತಾರೆ. ತಂಗಿಯ ತರಗತಿಯ ಮಕ್ಕಳೂ ಬಂದು ತಮ್ಮ ಪ್ರಬಂಧಗಳನ್ನು ಅಲ್ಲೇ ಟೈಪ್ ಮಾಡಿಟ್ಟು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಅವಳು ಅದೇ ಯಂತ್ರದ ಮುಂದೆ, ಆರಿದ ಪರದೆಯೆದುರು ಕುಳಿತು, ಕೇಳಿ, ತಿದ್ದಿ, ಟಿಪ್ಪಣಿ ಬರೆದಿಡುತ್ತಾಳೆ. ಸಂಜೆ ಮಕ್ಕಳು ಬಂದು ಓದಿಕೊಳ್ಳುತ್ತಾರೆ. ಮೊದಮೊದಲು ಒಂದು ತೊಡಕಿತ್ತು. ಮಕ್ಕಳು ವಾಕ್ಯ ಎಲ್ಲಿ ಮುಗಿಸಿದ್ದಾರೆಂದು ದನಿಯಲ್ಲಿ ತಿಳಿಯುತ್ತಿರಲಿಲ್ಲ. "ಎಲ್ಲಾ ಒಂದೇ ಉಸಿರಿಗೆ ಓಡ್ತಿವೆ ಅಣ್ಣ, ಯಾರು ನಿಂತ್ರು ಯಾರು ನಿಲ್ಲಲಿಲ್ಲ ಅಂತ ಗೊತ್ತಾಗ್ತಿಲ್ಲ" ಎಂದಳು. ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಬರೆದೆವು. ಯಾರೋ ಗುರುತಿಲ್ಲದವರು ದಾರಿ ಹೇಳಿಕೊಟ್ಟರು, ತಿದ್ದಿಕೊಂಡೆವು. ಈಗ ಪ್ರತಿ ಪೂರ್ಣವಿರಾಮಕ್ಕೂ ಬೆರಳಿನಿಂದ ಮೇಜು ತಟ್ಟಿದಂತೆ ಒಂದು ಸಣ್ಣ ಸದ್ದು ಬರುತ್ತದೆ. ನಮ್ಮ ಕೋಣೆಯಲ್ಲಿ ಹುಟ್ಟಿದ ಆ 'ಟಕ್' ಇವತ್ತು ಇನ್ನೆಲ್ಲೋ ಇನ್ಯಾರದೋ ಕಿವಿಯಲ್ಲೂ ತಟ್ಟುತ್ತಿದೆಯಂತೆ. ಹುಟ್ಟಿದ ಕೋಣೆಯಲ್ಲಿ ಮಾತ್ರ ಈಗ ಮೌನ.

ಇನ್ನು ನಿಮ್ಮ ಭೇಟಿ. ಆ ಬೆಳಿಗ್ಗೆ ನಾನು ಅಲ್ಲಿರಲಿಲ್ಲ. ಅಲ್ಲಿದ್ದ ಅಜ್ಜ, ತಂಗಿ, ಕುರ್ಚಿಯವನು ಮೂವರನ್ನೂ ಬೇರೆ ಬೇರೆಯಾಗಿ ಕೇಳಿ, ಮೂವರೂ ಒಂದೇ ರೀತಿ ಹೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡ ಸಾಕ್ಷಿಯಲ್ಲ ಎಂದು ನೀವು ತಳ್ಳಿಹಾಕಬಹುದು. ಕಣ್ಣಾರೆ ಕಂಡು ನೀವು ಬರೆದದ್ದರ ಗತಿ ಏನೆಂದು ಮೇಲೆ ನೋಡಿದ್ದೇವೆ.

"ಯಾಕೆ ಎಲ್ಲರೂ ಕತ್ತಲಲ್ಲಿ ಕೂತಿದ್ದೀರಿ?" ಎಂದು ನೀವು ಬಾಗಿಲಲ್ಲಿ ನಿಂತು ಕೇಳಿದಿರಿ.

"ಕತ್ತಲಾ? ಯಾರೂ ಹೇಳಲೇ ಇಲ್ಲ ನೋಡಿ ನಮಗೆ," ಎಂದರು ಅಜ್ಜ.

"ತಮಾಷೆ ಬೇಡ. ಮಿಷನ್ ಯಾಕೆ ಆಫ್ ಮಾಡಿದ್ದೀರಿ?"

"ಆಫ್ ಆಗಿಲ್ಲ ಸಾರ್, ಕೆಲಸ ಮಾಡ್ತಿದೀನಿ," ಎಂದಳು ನನ್ನ ತಂಗಿ.

"ಏನೂ ಕಾಣ್ತಿಲ್ಲವಲ್ಲಮ್ಮ."

"ನನಗೂ ಅಷ್ಟೇ ಸಾರ್. ನಮಗೆ ಕಣ್ಣು ಕಾಣಲ್ಲ. ಇದು ಓದಿ ಹೇಳುತ್ತೆ. ಬೇಕಾದ್ರೆ ಹಾಕ್ಕೊಂಡು ಕೇಳಿ."

ನೀವು ಅಜ್ಜನ ಹೆಡ್‌ಫೋನನ್ನು ಒಂದು ಕಿವಿಗೆ ಹಿಡಿದುಕೊಂಡಿರಿ. ಅಜ್ಜನ ವೇಗ ಆಗಲೇ ಹೇಳಿದ್ದೇನೆ. "ಇದ್ಯಾವ ಭಾಷೆ ಹಾಡು?" ಎಂದಿರಿ. "ನಮ್ಮದೇ ಭಾಷೆ, ಇವತ್ತಿನ ಪೇಪರ್ ಓದ್ತಿದೆ, ಸ್ವಲ್ಪ ಅವಸರದಲ್ಲಿದೆ" ಎಂದರು ಅಜ್ಜ. ನಿಮಗೆ ನಂಬಿಕೆ ಬರಲಿಲ್ಲ. ಅಲ್ಲಿಂದ ತಂಗಿಯ ಮೇಜಿಗೆ ಬಂದು, ಬಗ್ಗಿ, ಯಂತ್ರದ ಗುಂಡಿ ಒತ್ತಿದಿರಿ. ಅವಳ ಕಿವಿಯಲ್ಲಿ ಒಂದು ಮಗುವಿನ ಪ್ರಬಂಧ ಓದುತ್ತಿದ್ದ ದನಿ ಅರ್ಧ ವಾಕ್ಯಕ್ಕೆ ನಿಂತಿತು.

"ಏನು ಒತ್ತಿದ್ರಿ ಸಾರ್?"

"ಸ್ಟಾರ್ಟ್ ಮಾಡ್ತಿದೀನಿ."

"ಆಗಲೇ ಸ್ಟಾರ್ಟ್ ಆಗಿತ್ತು ಸಾರ್."

"ಈಗ ಇಲ್ಲವಲ್ಲ," ಎಂದಿರಿ.

ಇಲ್ಲ, ಈಗ ಇಲ್ಲ. ಅವಳು ಆ ಬೆಳಿಗ್ಗೆ ಪ್ರಬಂಧಗಳಿಗೆ ಬರೆದಿದ್ದ ಟಿಪ್ಪಣಿಗಳೂ ಇಲ್ಲ. ಉಳಿದ ಕಡತಗಳಾದರೂ ಇವೆಯೇ ಎಂದು ನೋಡಿಕೊಳ್ಳಲು ಅವಕಾಶ ಸಿಗುವ ಮೊದಲೇ ನಿಮ್ಮ ಆಳುಗಳು ಬೀಗ ಹಿಡಿದು ಬಂದರು. ಓಡುತ್ತಿದ್ದ ಯಂತ್ರವನ್ನು ಸ್ವಂತ ಬೆರಳಿನಿಂದ ನಿಲ್ಲಿಸಿ, ಆಮೇಲೆ "ಗುಂಡಿ ಒತ್ತಿದರೂ ಚಾಲನೆಗೊಳ್ಳಲಿಲ್ಲ" ಎಂದು ಸಹಿ ಹಾಕುವುದಕ್ಕೆ ಒಂದು ಬಗೆಯ ಪ್ರತಿಭೆ ಬೇಕು. ನಿಮಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಅವಳು ಬಿಡಿಸಿ ಹೇಳಿದ್ದಳು. ಹಾಗಿದ್ದೂ "ಕಣ್ಣು ಕಾಣದವರು" ಎಂಬ ಮಾತು ನಿಮ್ಮ ವರದಿಯಲ್ಲಿ ಎಲ್ಲೂ ಇಲ್ಲ. ಅದೊಂದು ಮಾತು ಸೇರಿದ್ದರೆ ವರದಿಯೇ ಕುಸಿಯುತ್ತಿತ್ತಲ್ಲವೇ? ತಿಳಿಯದೆ ಬರೆದರೆ ತಪ್ಪು. ತಿಳಿಸಿದ ಮೇಲೂ ಬರೆದರೆ ಅದಕ್ಕೆ ಬೇರೆ ಹೆಸರಿದೆ. ನಿಮ್ಮ ಇಲಾಖೆಗೆ ನಾನು ಇಲ್ಲಿ ಒಂದು ವಿಶೇಷಣವನ್ನೂ ಬರೆದಿದ್ದೆ. ಅದು ಈಗ ಇಲ್ಲಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಬೀಗ ಬಿದ್ದ ಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಫೈಲಿನಿಂದ ತಲೆಯೆತ್ತದೆ, "ಕುರುಡರ ಕೇಂದ್ರ ಅಂತ ಬೋರ್ಡ್ ಹಾಕಿಲ್ಲವಲ್ಲ ನೀವು?" ಎಂದಿರಿ. ಕಾಣುವವರ ಕಚೇರಿ ಅಂತ ನೀವೂ ಹಾಕಿಲ್ಲ ಸಾರ್, ಎಂದೆ. ಆಗ ತಲೆಯೆತ್ತಿದಿರಿ.

"ಆ ಸಾಫ್ಟ್‌ವೇರ್ ಯಾವ ಕಂಪನೀದು?"

"ಯಾವ ಕಂಪನೀದೂ ಅಲ್ಲ. ಎಲ್ಲರದ್ದು."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತಾಯ್ತು. ಕೆಟ್ಟರೆ ಯಾರನ್ನ ಹಿಡ್ಕೊಳ್ಳೋದು?"

"ನನ್ನನ್ನ ಹಿಡ್ಕೊಳ್ಳಿ."

"ನೀವು ಯಾರ್ರೀ?"

ಒಳ್ಳೆಯ ಪ್ರಶ್ನೆ. ನಿಮ್ಮ ಮೇಜಿನ ಮೇಲಿದ್ದ ಕಂಪ್ಯೂಟರ್ ಆ ಹೊತ್ತಿಗೆ ಕೆಟ್ಟು, ಪರದೆಯೆಲ್ಲ ನೀಲಿ ಬಣ್ಣಕ್ಕೆ ತಿರುಗಿ ಕೂತಿತ್ತು. ಅದು ಹೆಸರಾಂತ ಕಂಪನಿಯದೇ, ಅನುಮೋದಿತವಾದದ್ದೇ. ನೀವು ಯಾರನ್ನು ಹಿಡಿದುಕೊಂಡಿದ್ದಿರಿ ಎಂದು ಕೇಳಬೇಕೆನಿಸಿತು. ನೀವು ಆಗ ಅದರ ಬೆನ್ನಿಗೆ ಎರಡು ಏಟು ಹಾಕುತ್ತಿದ್ದಿರಿ, ಹೊರಟುಬಂದೆ. ಹೊರಗೆ ನಿಮ್ಮ ಗುಮಾಸ್ತರು ಮಾತ್ರ ಸೌಜನ್ಯದಿಂದ ವಿವರಿಸಿದರು. ಅನುಮೋದನೆ ಇಲ್ಲದ ತಂತ್ರಾಂಶವಾದ್ದರಿಂದ ಯಂತ್ರಗಳನ್ನು ಪೂರ್ತಿ ಅಳಿಸಿ ಹರಾಜಿಗೆ ಹಾಕಲಾಗುವುದಂತೆ. ಕಣ್ಣು ಕಾಣದವರಿಗಾಗಿ ಇಲಾಖೆಯದೇ ಯೋಜನೆಯೊಂದು ಪರಿಶೀಲನೆಯಲ್ಲಿದೆಯಂತೆ. ಯಾವಾಗ ಬರುತ್ತದೆಂದು ಅವರಿಗೂ ಗೊತ್ತಿಲ್ಲವಂತೆ. "ಅಲ್ಲಿವರೆಗೂ ನಿಮ್ಮ ತಂಗಿಗೆ ಮನೇಲೇ ಒಂದು ಕಂಪ್ಯೂಟರ್ ಇಟ್ಕೊಡಿ ಅಣ್ಣ" ಎಂದರು.

ಕೊಡಬಹುದು. ಸಂಜೆ ಬಂದು ಟೈಪ್ ಮಾಡುವ ಆ ಮಕ್ಕಳನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ಕೂರಿಸಲೇ? ಅಜ್ಜನನ್ನು ಎಲ್ಲಿಡಲಿ? ಕುರ್ಚಿಯವನು ಹೆಂಡತಿಗೆ ಬರೆಯುವಾಗ ನಮ್ಮಮ್ಮನನ್ನು ಹೊರಗೆ ಕಳಿಸಲೇ? ಒಬ್ಬೊಬ್ಬರನ್ನೂ ಅವರವರ ಮನೆಯ ಮೂಲೆಗೆ ತಳ್ಳುವುದೇ ನಿಮ್ಮ ಯೋಜನೆಯಾದರೆ, ಅದಕ್ಕೆ ಪರಿಶೀಲನೆ ಯಾಕೆ, ಅದು ಆಗಲೇ ಎಲ್ಲ ಕಡೆ ಜಾರಿಯಲ್ಲಿದೆ.

ಇಲಾಖೆಯ "ಇತರ ಉದ್ದೇಶ" ಏನೆಂದೂ ಗೊತ್ತಾಯಿತು. ಸುದ್ದಿ ತಿಳಿದು ನಾನು ಓಡಿಬಂದ ಮೇಲೆ, ಬೀಗ ಹಾಕುವ ಮುಂಚೆ ನಿಮ್ಮ ಆಳುಗಳು ಕಚೇರಿಯ ಮುರುಕು ಕುರ್ಚಿಗಳನ್ನು ತಂದು, ಯಂತ್ರಗಳನ್ನು ಗೋಡೆಗೆ ಒತ್ತರಿಸಿ, ಮೇಜುಗಳ ಮೇಲೆ ತಲೆಕೆಳಗಾಗಿ ಪೇರಿಸಿದರು. ಬೆತ್ತದ ಕುರ್ಚಿಗಳು. ಒಳಗೆ ಹೋಗುತ್ತಿದ್ದ ಒಂದು ಕುರ್ಚಿಯನ್ನು ಕುರ್ಚಿ ಹೆಣೆಯುವವನು ಕೈ ಚಾಚಿ ಸವರಿದ. "ಇದು ನಾನೇ ಹೆಣೆದದ್ದು. ನನ್ನ ಕುರ್ಚಿಗೆ ಜಾಗ ಸಿಕ್ತು ಬಿಡಿ, ನನಗೆ ಸಿಗದಿದ್ರೆ ಏನಂತೆ" ಎಂದ. ಆಳುಗಳೂ ತಲೆ ತಗ್ಗಿಸಿದರು. ಅವನಿಗೆ ಅದು ಕಾಣಲಿಲ್ಲ; ನನಗೆ ಕಂಡಿತು, ಅದಕ್ಕೆ ಬರೆದಿದ್ದೇನೆ.

ಹೊಸ ಅವಧಿ ಹತ್ತಿರ ಬಂದಿದೆ. ಮಕ್ಕಳ ಪ್ರಬಂಧಗಳು, ಅವಳ ತಿದ್ದುಪಡಿಗಳು, ಅವಳು ತನ್ನ ಕಿವಿಗೆ ಒಗ್ಗಿಸಿಕೊಂಡ ದನಿ, ಎಲ್ಲ ನಿಮ್ಮ ಕುರ್ಚಿಗಳ ಕೆಳಗಿವೆ. ನೀವು ಅಳಿಸಲು ಹೊರಟಿರುವುದು ಅನುಮೋದನೆಯಿಲ್ಲದ ತಂತ್ರಾಂಶವನ್ನಲ್ಲ, ಅವಳು ತರಗತಿಗೆ ಹಿಂದಿರುಗುವ ದಾರಿಯನ್ನು. ಆ ದಾರಿ ಅಳಿದ ದಿನ ಅವಳು ಉಗ್ರಾಣದ ಸ್ಟೂಲಿನ ಮೇಲೆ ಕೂರುತ್ತಾಳೆ. ಆಗ ನಿಮ್ಮ ವರದಿಯ ಮಾತು ನಿಜವಾಗುತ್ತದೆ: ಹಾಜರಿದ್ದ ವ್ಯಕ್ತಿ, ಕಾಲಹರಣ.

ನಾವು ಕೇಳುವುದು ಇಷ್ಟು. ಬೀಗ ತೆಗೆಸಿ, ಅವಧಿ ಶುರುವಾಗುವ ಮೊದಲು. ಕುರ್ಚಿಗಳನ್ನು ಹೊರಗಿಡಿಸಿ. ಯಂತ್ರಗಳನ್ನು ಯಾರೂ ಮುಟ್ಟದಂತೆ, ಅಳಿಸದಂತೆ ಬರವಣಿಗೆಯಲ್ಲಿ ಆದೇಶಿಸಿ. ಆಮೇಲೆ ಒಂದು ಬೆಳಿಗ್ಗೆ ನೀವೇ ಬಂದು, ಆರಿದ ಪರದೆಯ ಮುಂದೆ ಕುಳಿತು, ನಿಮ್ಮ ವರದಿಯನ್ನು ಯಂತ್ರದ ಬಾಯಿಂದ ಕೇಳಿ ಇನ್ನೊಂದು ವರದಿ ಬರೆಯಿರಿ. ನಿಮಗಾಗಿ ವೇಗ ತಗ್ಗಿಸಲು ಅಜ್ಜ ಒಪ್ಪಿದ್ದಾರೆ. ಅವರ ಪಾಲಿಗೆ ಅದು ದೊಡ್ಡ ತ್ಯಾಗ, ಗಮನಿಸಿ. ಗುಂಡಿಯನ್ನು ಮಾತ್ರ ಮುಟ್ಟಬೇಡಿ.

ಕೊನೆಯಲ್ಲಿ ಹೇಳುತ್ತೇನೆ ಎಂದದ್ದು. ಈ ಪತ್ರವನ್ನು ವಾರದ ರಜೆಯ ದಿನ ನಮ್ಮ ಪತ್ರಿಕಾಲಯದಲ್ಲಿ ಕುಳಿತು ಬರೆದೆ. ಸಂಪಾದಕರು ಆ ಒಂದು ದಿನದ ಮಟ್ಟಿಗೆ ಒಪ್ಪಿದ್ದರಿಂದ ಅಲ್ಲಿನ ಯಂತ್ರಕ್ಕೂ ಅದೇ ಓದುವ ದನಿಯನ್ನು ಹಾಕಿ, ತಂಗಿಯನ್ನು ಕರೆದು ತಂದು ತಿದ್ದಲು ಕೂರಿಸಿದೆ. ಮೊದಲು ಪರದೆ ಆರಿಸು ಎಂದಳು. ಬಹಳ ಹೊತ್ತು ಕೇಳಿದಳು. ಕೆಲವು ಕಡೆ ನಕ್ಕಳು, ಕೆಲವು ಕಡೆ ನನ್ನ ವಾಕ್ಯಗಳು ನಿಲ್ಲಬೇಕಾದಲ್ಲಿ ನಿಲ್ಲುತ್ತಿಲ್ಲ ಎಂದು ಬೈದಳು. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿ ಹೇಳಿದಳು:

"ಅಣ್ಣ, 'ನಿಮ್ಮದು ಕುರುಡು ಇಲಾಖೆ' ಅಂತ ಬರೆದಿದ್ದೀಯಲ್ಲ, ತೆಗೀತೀನಿ."

"ಯಾಕೆ? ಸರಿಯಾಗೇ ಇದೆಯಲ್ಲ."

"ನಮ್ಮನ್ನ ಯಾಕೆ ಅವರ ಜೊತೆ ಸೇರಿಸ್ತೀಯ?"

ತೆಗೆದಳು. ಅದರ ಜಾಗಕ್ಕೆ ಬೇರೆ ಪದ ನನಗೆ ಇನ್ನೂ ಹೊಳೆದಿಲ್ಲ. ಹೊಳೆಯುವುದರೊಳಗೆ ಬೀಗ ತೆಗೆಸಿ.

ಇಂತಿ,
ತಮ್ಮ ವರದಿಯ ಪ್ರಕಾರ ಸಂಗೀತ ಕೇಳುತ್ತ ಕಾಲ ಕಳೆಯುತ್ತಿದ್ದ ಶಿಕ್ಷಕಿಯ ಅಣ್ಣ,
ಕೆಟ್ಟರೆ ಹಿಡಿದುಕೊಳ್ಳಲು ಈಗಲೂ ಸಿಗುವವನು